ಅಜ್ಜಿಹಲ್ಲಿನ ಮೇಲೆ ಬಿದ್ದ ಬಲೆ

2012ರ ಡಿಸೆಂಬರಿನ ಒಂದು ಭಾನುವಾರ. ಸಂಜೆ ಸರಿಯಾಗಿ ನಾಲ್ಕು ಗಂಟೆ. ಹೆಮ್ಮಾಡಿಯ ಕಂಪ್ಯೂಟರ್ ಸುಧಾಕರ ಬೈಂದೂರು ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ಚಕ್ಕಳಮಕ್ಕಳ ಕೂತ. ಲ್ಯಾಪ್‌ಟಾಪಿನ ಒಂದೇ ಗುಂಡಿ ಒತ್ತಿದ. ಕೆಟ್ಟು ನಿಂತಿದ್ದ ಹನ್ನೆರಡು ಬೋಗಿಯ ರೈಲು ಗೋವಾದವರೆಗೆ ಓಡಿತು. ಡ್ರೈವರ್ ಪಕ್ಕದಲ್ಲಿ ಕೂತು ಚಾ ಕುಡಿಯುತ್ತ ನೋಡುತ್ತಿದ್ದ.

ಹೀಗೆಂದು ಹೇಳಿದವನು ಸುಧಾಕರನೇ. ಸೋಮವಾರ ಹೆಮ್ಮಾಡಿಯ ಹೋಟೆಲಿನಲ್ಲಿ ಹನ್ನೆರಡಿದ್ದ ಬೋಗಿ ಮಂಗಳವಾರ ಹದಿನೆಂಟಾಯಿತು. ಬುಧವಾರ ಬೆಳಿಗ್ಗೆ ಕೋಡಿಯಲ್ಲಿ ಬೋಟು ನಿಲ್ಲುವ ದಕ್ಕೆಗೆ ಬರುವಷ್ಟರಲ್ಲಿ ಇಪ್ಪತ್ತೆರಡು. ನಂಬಿದವರು ಒಬ್ಬರೂ ಇಲ್ಲ. ಕೇಳದವರೂ ಒಬ್ಬರಿಲ್ಲ.

ಇಪ್ಪತ್ತಮೂರನೆಯ ಬೋಗಿ ಜೋಡಿಸುವ ಮೊದಲೇ ಬೋಟು ನಡೆಸುವ ತಾಂಡೇಲ ಗುಡ್ಡ ದಡಕ್ಕೆ ಬಂದ.

ಮೀನಿಲ್ಲ. ಬಲೆ ಇತ್ತು, ಆದರೆ ಅದನ್ನು ಬಲೆ ಎನ್ನುವಂತಿರಲಿಲ್ಲ. ಸಾವಿರ ಬೆಕ್ಕುಗಳು ಒಂದು ವಾರ ಅದರೊಳಗೆ ಜಗಳವಾಡಿದ ಹಾಗಿತ್ತು. ಬೋಟಿನಲ್ಲಿ ಬಲೆ ಎಳೆಯುವ ಚೆನ್ನಯ್ಯ ಬಲಗೈಗೆ ಹೆಗಲ ಬೈರಾಸು ಸುತ್ತಿಕೊಂಡು ಇಳಿದ. ಬಲೆ ಕಲ್ಲಿಗೆ ಸಿಕ್ಕಿ ಹಗ್ಗ ತುಂಡಾಗಿತ್ತು. ತುಂಡಾದ ಹಗ್ಗ ಅವನ ಮಣಿಕಟ್ಟಿಗೆ ಬಡಿದಿತ್ತು.

"ಬಲೆ ಅಜ್ಜಿಹಲ್ಲ್ ಮೇಲೇ ಬಿತ್ತ್," ಎಂದ ಗುಡ್ಡ. "ಮೂವತ್ತ್ ವರ್ಷದಗೆ ಒಂದ್ ಸಲವೂ ಹೀಂಗ್ ಆದ್ದಿಲ್ಲೆ."

ಅಜ್ಜಿಹಲ್ಲು ನೀರಿನಡಿಯ ಒಂದು ಬಂಡೆ. ಅದರ ಪಕ್ಕ ಬಲೆ ಬಿಟ್ಟರೆ ಮೀನು. ಮೇಲೆ ಬಿಟ್ಟರೆ ಚಿಂದಿ. ಇಂಥ ನಲವತ್ತೊಂದು ಕಲ್ಲುಗಳ ಗುರುತು, ಅಕ್ಷಾಂಶ-ರೇಖಾಂಶದ ಅಂಕಿ ಸಮೇತ, ಗುಡ್ಡನ ಪುಸ್ತಕದಲ್ಲಿತ್ತು. ತಾಂಡೇಲರ ರೂಢಿಯೇ ಹಾಗೆ: ಮಗಳನ್ನು ಕೊಟ್ಟಾರು, ಕಲ್ಲಿನ ಗುರುತು ಕೊಡರು. ಪುಸ್ತಕಕ್ಕೆ ಉಪ್ಪುನೀರು ಬಡಿದು ಹಾಳಾಗತೊಡಗಿದಾಗ ಮಾತ್ರ ಗುಡ್ಡ ಅದನ್ನು ದೋಣಿ ಸಂಘದ ಆಫೀಸಿನ ವನಜಳ ಕೈಗೆ ಕೊಟ್ಟಿದ್ದ. ಅವಳು ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿದಳು. ಬೋಟಿನ ಜಿಪಿಎಸ್‌ಗೆ ನೆನಪು ನಿಲ್ಲುತ್ತಿರಲಿಲ್ಲ, ಒಳಗಿನ ಬ್ಯಾಟರಿ ಸತ್ತಿತ್ತು. ಹಾಗಾಗಿ ಪ್ರತಿ ಸಲ ಬೋಟು ಹೊರಡುವ ಮುನ್ನ ಅವಳೇ ಅದಕ್ಕೆ ಗುರುತು ತುಂಬಿಸಿಕೊಡುತ್ತಿದ್ದಳು.

ಈ ಸೋಮವಾರವೂ ತುಂಬಿಸಿದ್ದಳು. ಗುರುತುಗಳು ತಪ್ಪಿದ್ದವು.

"ಗುರುತ್ ಮಾರಿದ್ಲ್," ಗುಡ್ಡ ತಣ್ಣಗೆ ಹೇಳಿದ. "ನಮ್ಗ್ ಸುಳ್ಳ್ ತುಂಬ್ಸಿ ಕೊಟ್ಲ್. ಅವ್ಳ್ ತಮ್ಮ ಸೋಮ ಹೋಪ ಬೋಟಿಗೆ ನಿನ್ನೆ ಬಂಗುಡೆ ರಾಶಿ ಬಿದ್ದಿತ್ತಂಬ್ರ್. ಶುಕ್ರವಾರ ಸಂಘದ ಮೀಟಿಂಗ್. ಅವ್ಳನ್ನ ಹೊರ್ಗ್ ಹಾಕುದ್. ಪೊಲೀಸಿಗೂ ಕೊಡುದ್."

ಆಮೇಲೆ ಅವನ ಕಣ್ಣು ಸುಧಾಕರನ ಮೇಲೆ ಬಿತ್ತು.

"ಹ್ವಾಯ್ ಸುಧಾಕರ, ರೈಲ್ ಬಿಟ್ಟದ್ ಸಾಕ್. ಆ ಕಂಪ್ಯೂಟರ್ ಹಾಕದ್ದ್ ನೀನೇ ಅಲ್ದಾ? ಅದ್ರಗೆ ಯಾರ್ ಕೈ ಹಾಕಿದ್ರ್ ಅಂತ ಹೇಳ್."

"ಅರ್ಧ ಗಂಟೆ ಸಾಕ್ ಗುಡ್ಡಣ್ಣ," ಎಂದ ಸುಧಾಕರ. "ದಿಲ್ಲಿಯವ್ರ್ ಆರ್ ತಿಂಗ್ಳ್ ಹುಡ್ಕಿ ಬಿಟ್ಟ ಕಳ್ಳನ್ನ ನಾ ಊಟದ ಹೊತ್ತಿನೊಳ್ಗೆ ಹಿಡ್ದ್ ಕೊಟ್ಟವ."

* * *

ಆಫೀಸಿನಲ್ಲಿ ವನಜ ಗುಡ್ಡನ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅತ್ತ ಮುಖವಲ್ಲ. ಅದಕ್ಕೇ ನೋಡಲು ಕಷ್ಟವಾಗುತ್ತಿತ್ತು.

"ನಾ ಮಾರ್ಲಿಲ್ಲ ಸುಧಾಕರಣ್ಣ."

"ಮಾರಿದ್ದಿ ಅಂತ ನಾ ಹೇಳ್ಲಿಲ್ಲ. ಆಫೀಸಿನ ಕೀ ಎಲ್ಲಿರತ್ತ್?"

"ನಿಮ್ಗ್ ಗೊತ್ತಿಲ್ದಾ? ಅಕ್ಕಮ್ಮನ ಒಣಮೀನ್ ಚಪ್ಪರದಗೆ."

ಕೋಡಿಯಲ್ಲಿ ಅದು ಎಲ್ಲರಿಗೂ ಗೊತ್ತು. ಹಿಂದೊಮ್ಮೆ ಯಾರೋ ಕೀಲಿಕೈಯನ್ನು ಕಿಸೆಯಲ್ಲೇ ಮರೆತು ಮನೆಗೆ ಒಯ್ದಿದ್ದರು. ಆವತ್ತಿನಿಂದ ಅಕ್ಕಮ್ಮ, ಊರವರ ಬಾಯಲ್ಲಿ ಅಕ್ಕು, ಒಂದು ಕಾನೂನು ಮಾಡಿದ್ದಳು. ಕೀ ಬೇಕಾದವರು ಕಾಲಿನ ಒಂದು ಚಪ್ಪಲಿ ಅಲ್ಲಿ ಬಿಟ್ಟು ಹೋಗಬೇಕು. ಒಂಟಿ ಚಪ್ಪಲಿಯಲ್ಲಿ ಯಾರೂ ಊರಿಗೆ ಹೋಗುವುದಿಲ್ಲ. ಕೀ ತಪ್ಪದೆ ವಾಪಸು ಬರುತ್ತದೆ.

ಸುಧಾಕರ ತನ್ನ ಕಾಲು ನೋಡಿಕೊಂಡ. ಭಾನುವಾರ ಅವನಿಗೆ ನೆನಪಾಯಿತು. ಅದು ಲೆಕ್ಕಕ್ಕಿಲ್ಲ ಎಂದುಕೊಂಡ.

"ಮಶೀನಿಗೆ ಎಂತ ಮಾಡಿದ್ರೂ ಅದ್ ತನ್ನ ದಿನಚರಿ ಬರ್ದಿಡತ್ತ್ ಅಂತ ನೀವೇ ಹೇಳ್ಕೊಟ್ಟದ್ದ್," ಎಂದಳು ವನಜ. "ಅದನ್ನ ಕಾಣಿ."

"ಕಾಣ್ತೆ, ನಾಳೆ. ಮೊದ್ಲ್ ನಿನ್ ತಮ್ಮನ್ನ ಕಾಂಬ."

ವನಜ ಅವನನ್ನೇ ನೋಡಿದಳು.

* * *

ಸೋಮ ದಕ್ಕೆಯ ಆಚೆ ತುದಿಯಲ್ಲಿ ಮೀನಿನ ಬುಟ್ಟಿ ತೊಳೆಯುತ್ತಿದ್ದ.

"ನಿನ್ನೆ ಬೋಟ್ ಎಲ್ಲಿಗ್ ಹೋಯಿತ್ತ್?"

"ಬೈಂದೂರ್ ಬದಿಗೆ. ಹಕ್ಕಿ ಮುತ್ತದ್ ಕಂಡ್ ಬಲೆ ಬಿಟ್ಟದ್ದ್."

"ಸಾಕ್ಷಿ ಯಾರ್?"

"ಹಕ್ಕಿನೇ ಕೇಣಿ."

ಸೋಮ ಬೋಟು ಹತ್ತಿಸಿ ಜಿಪಿಎಸ್ ತೋರಿಸಿದ. ಅದರಲ್ಲಿದ್ದದ್ದು ಒಂಬತ್ತೇ ಗುರುತು. ಗುಡ್ಡನ ಒಂದು ಕಲ್ಲೂ ಇಲ್ಲ. ಮಂಗಳವಾರ ಬೋಟು ಸಾಗಿದ ಗೆರೆ ಬೈಂದೂರಿನ ಕಡೆಗೇ ಇತ್ತು, ಅಜ್ಜಿಹಲ್ಲಿನಿಂದ ತೀರಾ ದೂರ.

"ನನ್ನ ಅಕ್ಕ ಆರ್ ವರ್ಷ ಆ ಆಫೀಸಿನ ಧೂಳ್ ತಿಂದಿದ್ಲ್," ಎಂದ ಸೋಮ, ಕೆಳಗಿಳಿದು ಮತ್ತೆ ಬುಟ್ಟಿಗೆ ಬಗ್ಗಿ. "ಕಳ್ಳಿ ಅಂತ ಒಂದ್ ಸಲ ಹೆಸ್ರ್ ಬಂದ್ರೆ ಈ ದಡದಗೆ ಅವ್ಳಿಗೆ ಒಂದ್ ಹಿಡಿ ಮೀನೂ ಯಾರೂ ಸಾಲ ಕೊಡ್ತಿಲ್ಲೆ. ಅದನ್ನೊಂದ್ ನೆನ್ಪಿಟ್ಕಣಿ."

ತಿರುಗಿ ಬರುವಾಗ ಚೆನ್ನಯ್ಯ ಎದುರಾದ. ಬ್ರಹ್ಮಾವರದ ಆಸ್ಪತ್ರೆಗೆ ಹೊರಟಿದ್ದ. ಎಡಗೈಯಿಂದಲೇ ಸುಧಾಕರನ ಹೆಗಲು ತಟ್ಟಿದ.

"ನೀ ಹೇಳುದೆಲ್ಲ ಸುಳ್ಳೇ ಮಾರಾಯ. ಆದ್ರೆ ಕಂಪ್ಯೂಟರ್ ವಿಷ್ಯದಗೆ ನೀ ಬಿಟ್ರೆ ನಮ್ಗ್ ಯಾರಿದ್ದ್ರ್? ಹಿಡಿ ಕಾಂಬ ಆ ಕಳ್ಳನ್ನ."

ಸಮುದ್ರ ಕುಡಿದು ತೇಗಿದವನಂತೆ ಮಾತಾಡುವ ಸುಧಾಕರ ತಲೆ ತಗ್ಗಿಸಿ ಮುಂದೆ ನಡೆದ.

* * *

ಗುರುವಾರ ಬೆಳಿಗ್ಗೆ ವನಜ ಚಾ ತರಲು ಹೋದಳು. ಸುಧಾಕರ ಕಂಪ್ಯೂಟರಿನ ದಿನಚರಿ ತೆರೆದ.

ಪರದೆಯಲ್ಲಿ ಕೊನೆಯ ಬರಹ ಕಾಣಿಸಿತು. ಭಾನುವಾರ, ಸಂಜೆ ನಾಲ್ಕು ಗಂಟೆ ಹನ್ನೆರಡು ನಿಮಿಷ. ಆಪ್ಟ್-ಗೆಟ್ ಇನ್‌ಸ್ಟಾಲ್, ಅಂದರೆ ಹೊಸ ಸಾಫ್ಟ್‌ವೇರ್ ಹಾಕು ಎನ್ನುವ ಆಜ್ಞೆ. ಮುಂದೆ ನಕ್ಷೆ ಬಿಡಿಸುವ ಒಂದು ಲೈಬ್ರರಿಯ ಹೆಸರು.

ಅವನೇ ಕೈಯಾರೆ ಒತ್ತಿದ್ದ ಸಾಲು.

ಗುಡ್ಡನ ಕಲ್ಲುಗಳನ್ನು ಬಣ್ಣದ ಸಮುದ್ರದ ಮೇಲೆ ಕೆಂಪು ಚುಕ್ಕೆಯಾಗಿ ತೋರಿಸುತ್ತೇನೆ, ಫೋಟೋ ತರುತ್ತೇನೆ ಎಂದು ಶನಿವಾರ ಹೆಮ್ಮಾಡಿಯ ಹೋಟೆಲಿನಲ್ಲಿ ಪಂಥ ಕಟ್ಟಿದ್ದ. ಅದಕ್ಕೆ ಆ ಲೈಬ್ರರಿ ಬೇಕಿತ್ತು. ಲೈಬ್ರರಿ ಎಂದರೆ ಪ್ರೋಗ್ರಾಮುಗಳೆಲ್ಲ ಹಂಚಿಕೊಂಡು ಬಳಸುವ ಸಲಕರಣೆ, ಇಡೀ ಕೇರಿಗೆ ಒಂದೇ ಅರೆಯುವ ಕಲ್ಲಿದ್ದ ಹಾಗೆ. ಅವನು ಭಾನುವಾರ ಇಂಟರ್‌ನೆಟ್ಟಿನ ಡಾಂಗಲ್ ಚುಚ್ಚಿ, ಕಪ್ಪು ಪರದೆಯಲ್ಲಿ ಆ ಒಂದು ಸಾಲು ಬರೆದ. ಕಂಪ್ಯೂಟರು ಒಂದು ಪ್ರಶ್ನೆ ಕೇಳಿತು. ಹೊಸದರ ಜೊತೆಗೆ ಹಳೆಯ ನಾಲ್ಕು ಲೈಬ್ರರಿಗಳನ್ನೂ ಬದಲಿಸುತ್ತೇನೆ. ಮುಂದುವರಿಸಲೇ?

ಸಿಗ್ನಲ್ ಈಗಲೋ ಆಗಲೋ ಎನ್ನುವಂತಿತ್ತು. ಅವನು ಓದಲಿಲ್ಲ. ಹೌದು ಎಂದು ಒತ್ತಿದ.

ಆ ನಾಲ್ಕರಲ್ಲಿ ಒಂದು ಗುರುತಿನ ಅಂಕಿಗಳನ್ನು ಓದುವ ಲೈಬ್ರರಿ. ಅದನ್ನೇ ನಂಬಿ ವನಜಳ ಪ್ರೋಗ್ರಾಮು ಜಿಪಿಎಸ್ ತುಂಬಿಸುತ್ತಿತ್ತು. ಕೇರಿಯ ಅರೆಯುವ ಕಲ್ಲನ್ನೇ ಅವನು ಬದಲಿಸಿಬಿಟ್ಟಿದ್ದ.

ಇಷ್ಟಾಗಿ ನಕ್ಷೆಯೂ ಬರಲಿಲ್ಲ. ಲೈಬ್ರರಿ ಕೂತಿತು, ಸಮುದ್ರದ ಚಿತ್ರ ಇಳಿಯುವ ಮೊದಲೇ ಸಿಗ್ನಲ್ ಸತ್ತಿತ್ತು. ಸೋಮವಾರ ಹೆಮ್ಮಾಡಿಯಲ್ಲಿ ಏನಾದರೂ ಹೇಳಬೇಕಲ್ಲ? ಹಾಗೆ ಹುಟ್ಟಿದ್ದು ಬೈಂದೂರಿನ ರೈಲು.

ಸುಧಾಕರನ ಕಿವಿ ಬಿಸಿಯಾಯಿತು. ಚೆನ್ನಯ್ಯ ಎಡಗೈಯಲ್ಲಿ ತಟ್ಟಿದ ಹೆಗಲು ಉರಿಯಿತು. ಹೊರಗೆ ವನಜಳ ಹೆಜ್ಜೆ ಕೇಳಿಸಿತು. ಅವನು ಪಾಸ್‌ವರ್ಡ್ ಒತ್ತಿದ. ಭಾನುವಾರದ ಸಾಲುಗಳನ್ನು ಅಳಿಸಿದ. ಕಡಲಿಗಿಂತ ದೊಡ್ಡ ಕೆಲಸ ಮಾಡಿದೆ ಎಂದು ಸದಾ ಹೇಳುವವನು ನಿಜವಾಗಿ ಮಾಡಿದ ಕೆಲಸ ಇಷ್ಟು ಸಣ್ಣದಿತ್ತು.

"ಎಂತ ಸಿಕ್ತ್?" ವನಜ ಚಾ ಇಟ್ಟಳು.

"ವೈರಸ್," ಎಂದ. "ಅಮೆರಿಕದಿಂದ ಬಂದದ್ದ್. ಯಾರ್ ತಪ್ಪೂ ಅಲ್ಲ."

"ಇಂಟರ್‌ನೆಟ್ಟೇ ಇಲ್ದಿದ್ದ ಆಫೀಸಿಗೆ?"

ಚಾ ಆರಿತು.

* * *

ಮಧ್ಯಾಹ್ನ ವನಜ ಅವನನ್ನು ಮತ್ತೆ ಕರೆಸಿದಳು. ಮೇಜಿನ ಮೇಲೆ ಗುಡ್ಡನ ಪುಸ್ತಕ, ಪಕ್ಕದಲ್ಲಿ ಬೋಟಿನಿಂದ ಬಿಚ್ಚಿ ತಂದ ಜಿಪಿಎಸ್. ಮೂಲೆಯ ಸ್ಟೂಲಿನ ಮೇಲೆ ಅಕ್ಕು ಕೂತು ಎಲೆ ಅಗಿಯುತ್ತಿದ್ದಳು.

"ಕೂಕಣಿ," ಎಂದಳು ವನಜ. "ಪುಸ್ತಕದಗೆ ಅಜ್ಜಿಹಲ್ಲಿನ ಅಕ್ಷಾಂಶದ ಅಂಕಿ ಮೂವತ್ತೆಂಟ್ ಮಿನಿಟ್, ಚುಕ್ಕೆ, ನಲ್ವತ್ತೈದ್. ಜಿಪಿಎಸ್‌ನಗೆ ಚುಕ್ಕೆ ಆದ್ಮೇಲೆ ಎಪ್ಪತ್ತೈದ್. ಅರ್ಧ ಕಿಲೋಮೀಟರಿಗಿಂತ ಹೆಚ್ಚ್ ಸರ್ದಿತ್ತ್. ಬೇರೆ ಕಲ್ಲೂ ಕಂಡೆ. ಮೂವತ್ತಿದ್ದದ್ದ್ ಐವತ್ತ್ ಆಯಿತ್ತ್. ಹದ್ನೈದಿದ್ದದ್ದ್ ಇಪ್ಪತ್ತೈದ್."

"ಅದೇ, ವೈರಸ್—"

"ಸೊನ್ನೆ ಇದ್ದ ಮೂರ್ ಕಲ್ಲ್ ಮಾತ್ರ ಸರಿ ಉಳ್ದಿತ್ತ್. ಮೋಸ ಮಾಡುವ ಮನ್ಷ ಮನ್ಸಿಗ್ ಬಂದಂಗೆ ಅಂಕಿ ಬದಲ್ಸ್ತ. ಇದ್ರಗೆ ನಿಯಮ ಇತ್ತ್. ಒಂದ್ ಮಿನಿಟನ್ನ ನೂರ್ ಪಾಲ್ ಮಾಡಿ ನಾ ಬರ್ದದ್ದ್. ಮಶೀನ್ ಅದನ್ನ ಅರ್ವತ್ತ್ ಸೆಕೆಂಡ್ ಲೆಕ್ಕದಗೆ ಓದಿತ್ತ್. ನಲ್ವತ್ತೈದ್ ಸೆಕೆಂಡ್ ಅಂದ್ರೆ ಮುಕ್ಕಾಲ್ ಮಿನಿಟ್. ಚುಕ್ಕೆ ಎಪ್ಪತ್ತೈದ್. ಕಳೆದ ವಾರದ ತನ್ಕ ಸರಿ ಓದ್ತಿದ್ದ ಮಶೀನ್ ಅದ್. ಒಳ್ಗೆ ಎಂತದೋ ಬದಲಾಯಿತ್ತ್."

ಸುಧಾಕರ ಚಾಚಿದ್ದ ಕಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡ.

"ಬುಧವಾರ ನೀವ್ ಬಪ್ಪೂಕ್ ಮೊದ್ಲೇ ನಾ ದಿನಚರಿ ಕಂಡಿದ್ದೆ," ವನಜ ಮುಂದುವರಿಸಿದಳು. "ಭಾನುವಾರದ ಸಾಲ್ ಅದ್ರಗೆ ಇದ್ದಿತ್ತ್. ಇವತ್ತ್ ಬೆಳಿಗ್ಗೆಯೂ ಇದ್ದಿತ್ತ್. ಚಾ ತಂದ ಮೇಲೆ ಇಲ್ಲೆ. ಹೊಸ ಲೈಬ್ರರಿ ಮಾತ್ರ ಮಶೀನಿನಗೇ ಕೂತ್ಕಂಡಿತ್ತ್. ಅದನ್ನ ಹಾಕುಕೂ ಪಾಸ್‌ವರ್ಡ್ ಬೇಕ್, ದಿನಚರಿ ಅಳ್ಸುಕೂ ಬೇಕ್. ಆರ್ ವರ್ಷದಗೆ ನೀವ್ ನಂಗೆ ಅದನ್ನ ಕೊಟ್ಟಿದ್ರ್ಯಾ?"

ಕೊಟ್ಟಿರಲಿಲ್ಲ. ಅದು ತನ್ನ ಹೆಂಡತಿಗೂ ಗೊತ್ತಿಲ್ಲ ಎಂದು ಊರಿಡೀ ಕೊಚ್ಚಿಕೊಂಡಿದ್ದ.

"ನಾ ಭಾನುವಾರ ಬೈಂದೂರಂಗೆ..." ಎಂದ, ಕೇಳಿಸದಷ್ಟು ಮೆಲ್ಲಗೆ.

ಅಕ್ಕು ಎಲೆ ಉಗಿದು ಬಂದಳು.

"ಎಡಗಾಲ್ ಎತ್ತ್ ಕಾಂಬ."

ಅವನು ಎತ್ತಲಿಲ್ಲ. ಎತ್ತುವ ಅಗತ್ಯವೂ ಇರಲಿಲ್ಲ. ಎಡ ಚಪ್ಪಲಿಯ ಬಾರು ತುಂಡಾದಾಗ ಕಂಪ್ಯೂಟರಿನ ನೀಲಿ ನೆಟ್‌ವರ್ಕ್ ವಯರಿನಿಂದ ಬಿಗಿದದ್ದು ಅವನೇ. ಹತ್ತು ಆನೆ ಎಳೆದರೂ ಕಿತ್ತು ಬರುವುದಿಲ್ಲ ಎಂದು ಹೇಳಿದ್ದವನೂ ಅವನೇ.

"ನೀಲಿ ವಯರಿನ ಚಪ್ಪಲಿ ಭಾನುವಾರ ಬೈಸಾರಿ ನಾಲ್ಕ್ ಗಂಟೆಗೆ ಬಂದ್ ನನ್ ಚಪ್ಪರದಗೆ ಒಂದ್ ಗಂಟೆ ಕೂತಿತ್ತ್," ಎಂದಳು ಅಕ್ಕು. "ಬೈಂದೂರಂಗೆ ಒಂದೇ ಚಪ್ಪಲ್ಯಗೆ ರೈಲ್ ಓಡಿಸ್ದ್ಯನಾ ಮಗಾ?"

ಯಾರೂ ನಗಲಿಲ್ಲ.

"ನೀವಾಗೇ ಹೇಳ್ತ್ರಿ ಅಂತ ನಿನ್ನೆಯಿಂದ ಕಾದೆ," ಎಂದಳು ವನಜ. ಅವಳ ದನಿ ಈಗ ಮೊದಲ ಸಲ ಒಡೆಯಿತು. "ತಪ್ಪ್ ಒತ್ತದ್ದಕ್ಕೆ ಬೇಜಾರಿಲ್ಲ. ದಿನಚರಿ ಅಳ್ಸದ್ರ್ಯಲೆ, ಅದಕ್ಕೆ. ನಾ ಕಳ್ಳಿ ಆಯ್ಲಿ ಅಂತ ಬಿಟ್ಟ್ರಿ."

ಬಾಗಿಲಾಚೆ ಗಂಡಸರು ಕೂತು ಹರಿದ ಬಲೆ ಕಟ್ಟುತ್ತಿದ್ದರು. ಆ ಬಾಗಿಲಿನತ್ತ ಅವಳು ಕೈ ತೋರಿಸಿದಳು.

* * *

ಸುಧಾಕರ ದಕ್ಕೆಯ ಬದಿಯ ಮರಳಿಗೆ ಬಂದ. ಬಲೆಯ ಸುತ್ತ ಹದಿನೈದು ಜನ. ನಡುವೆ ಗುಡ್ಡ. ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡ ಚೆನ್ನಯ್ಯ ಸುಮ್ಮನೆ ನೋಡುತ್ತ ಕೂತಿದ್ದ.

"ಗುಡ್ಡಣ್ಣ, ಗುರುತ್ ಹಾಳ್ ಮಾಡದ್ದ್ ನಾನೇ."

ಬಲೆಯ ಆಚೆಯಿಂದ ಒಬ್ಬ ನಕ್ಕ. "ಆಯ್ತ್. ಸಮುದ್ರಕ್ಕ್ ಉಪ್ಪ್ ಹಾಕದ್ದೂ ನೀನೇ ಅಲ್ದಾ?"

"ಹೌದ್ ಮಾರಾಯ, ಊರಂಗೆ ಎಂತ ಆದ್ರೂ ಇವ್ನದ್ದೇ ಕೈ," ಎಂದ ಇನ್ನೊಬ್ಬ. ನಗು ಬಲೆಯ ಸುತ್ತ ಒಂದು ಸುತ್ತು ಬಂತು. ಗುಡ್ಡನೂ ಸೂಜಿಯಿಂದ ಕಣ್ಣೆತ್ತಲಿಲ್ಲ.

ನಿಜ ಹೇಳಿದ್ದ. ಯಾರೂ ನಂಬಲಿಲ್ಲ. ಇಷ್ಟು ವರ್ಷದ ಮಾತುಗಳೆಲ್ಲ ಒಟ್ಟಿಗೆ ಬಂದು ಈ ಒಂದು ಮಾತಿಗೆ ಅಡ್ಡ ನಿಂತಿದ್ದವು. ಅದನ್ನು ದಾಟಿಸಲು ಅವನ ಹತ್ತಿರ ಇದ್ದದ್ದು ಒಂದೇ ದಾರಿ.

"ರೈಲ್ ಓಡ್ಲಿಲ್ಲ," ಎಂದ ಸುಧಾಕರ.

ನಗು ನಿಂತಿತು.

"ಬೈಂದೂರಂಗೆ ರೈಲೇ ಕೆಟ್ಟ್ ನಿಲ್ಲಲಿಲ್ಲ. ನಾ ಬೈಂದೂರಿಗೇ ಹೋಯ್ಲಿಲ್ಲ. ಭಾನುವಾರ ನಾಲ್ಕ್ ಗಂಟೆಗೆ ಇಲ್ಲೇ ಇದ್ದೆ. ನಿಮ್ ಕಲ್ಲ್‌ಗಳನ್ನ ಹೆಮ್ಮಾಡಿಯವ್ರಿಗೆ ಬಣ್ಣದಗೆ ತೋರ್ಸ್ಕ್ ಅಂತ ಒಂದ್ ಲೈಬ್ರರಿ ಹಾಕ್ದೆ. ಹಳೆದ್ದೆಲ್ಲ ಬದ್ಲಾತ್ತ್ ಅಂತ ಮಶೀನ್ ಕೇಳ್ತ್. ನಾ ಓದ್ಲಿಲ್ಲ. ಹೌದ್ ಅಂತ ಒತ್ದೆ. ಮತ್ತೆ ಮಶೀನಿನ ದಿನಚರಿ ಅಳ್ಸ್ದೆ. ದಿಲ್ಲಿಯ ಕಳ್ಳನೂ ಸುಳ್ಳ್. ವನಜ ಎಂತದೂ ಮಾಡ್ಲಿಲ್ಲ. ಎಲ್ಲ ಕಂಡ್ ಹಿಡ್ದದ್ದೇ ಅವ್ಳ್."

ಗುಡ್ಡ ಸೂಜಿ ಕೆಳಗಿಟ್ಟ. ಆಮೇಲೆ ಎದ್ದು, ಆಫೀಸಿನ ಬಾಗಿಲಲ್ಲಿ ನಿಂತಿದ್ದ ವನಜಳ ಕಡೆ ನಡೆದ. ಅವಳ ಕೈಯಲ್ಲಿದ್ದ ಪುಸ್ತಕವನ್ನು ವಾಪಸು ತೆಗೆದುಕೊಳ್ಳುತ್ತಾನೆ ಎಂದು ಎಲ್ಲರೂ ಅಂದುಕೊಂಡರು. ಅವನು ತೆಗೆದುಕೊಳ್ಳಲಿಲ್ಲ. ಅವಳ ಕೈಯನ್ನು ಪುಸ್ತಕದ ಮೇಲೆಯೇ ಒತ್ತಿ ಇಟ್ಟ.

"ನಿನ್ ಹತ್ರವೇ ಇರ್ಲಿ ಹೆಣೆ," ಎಂದ. "ಶುಕ್ರವಾರ ನಾನೇ ಹೇಳ್ತೆ, ಎಲ್ರ ಎದ್ರ್."

ಸುಧಾಕರ ಅಲ್ಲೇ ನಿಂತಿದ್ದ. ಯಾರೂ ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ಚೆನ್ನಯ್ಯ ಎಡಗೈಯಲ್ಲಿ ತನ್ನ ಬಲೆ ಸೂಜಿ ಎತ್ತಿ ಅವನ ಕಡೆ ಚಾಚಿದ. ಪ್ಲಾಸ್ಟರಿನ ಕೈ ಮಡಿಲಲ್ಲಿ ಬಿದ್ದುಕೊಂಡಿತ್ತು.

"ನನ್ ಪಾಲಿಂದ್ ನೀ ಕಟ್ಟ್. ಬಲೆ ಕಟ್ಟುಕೆ ಬತ್ತಾ?"

ಏಳು ಕಡಲಿಗೆ ಒಂದೇ ಬಲೆ ಕಟ್ಟಿದ್ದೇನೆ ಎನ್ನುವ ಮಾತು ನಾಲಿಗೆಯ ತುದಿಯವರೆಗೆ ಬಂತು. ಸುಧಾಕರ ನೀಲಿ ವಯರಿನ ಚಪ್ಪಲಿ ಕಳಚಿಟ್ಟ. ಬಿಸಿ ಮರಳಿನ ಮೇಲೆ ಕೂತ. ಸೂಜಿ ತೆಗೆದುಕೊಂಡ.

"ಬತ್ತಿಲ್ಲೆ," ಎಂದ. "ಹೇಳ್ಕೊಡಿ."