ಅಮ್ಮನ ಹೇರ್‌ಸ್ಪ್ರೇ

ಜೇಬಿನಲ್ಲಿ ಬಾಲ್‌ಪೆನ್ ಇದೆ ಎಂಬುದು ಗಿಲಕಿಗೆ ನೆನಪಾದದ್ದು ಅದರ ಮೇಲೆ ಇಸ್ತ್ರಿಪೆಟ್ಟಿಗೆ ಹಾದುಹೋದ ಮೇಲೆ. ಬಿಳಿ ಯೂನಿಫಾರ್ಮಿನ ಎದೆಯಲ್ಲಿ ನೀಲಿ ಕಲೆಯೊಂದು ನಿಧಾನವಾಗಿ ಅಗಲವಾಯಿತು.

"ಅಮ್ಮಾ! ಪೆನ್ನು ಕಕ್ಕಿಬಿಡ್ತು!"

"ಬಾಯಿಗಷ್ಟೇ ಅಲ್ಲ, ಇವಳ ಜೇಬಿಗೂ ಬೀಗ ಇಲ್ಲ," ಎಂದಳು ಕಿಟಕಿಯ ಬಳಿ ಗುಂಡಿ ಹೊಲಿಯುತ್ತಿದ್ದ ಅಜ್ಜಿ. ಮೊಮ್ಮಗಳು ಸದಾ ಸದ್ದು ಮಾಡುತ್ತಾಳೆಂದು ಗಿಲಕಿ ಎಂದು ಹೆಸರಿಟ್ಟವಳೂ ಅವಳೇ.

ಅಮ್ಮ ಬೈಯಲಿಲ್ಲ. "ಮೊದಲು ಪ್ಲಗ್ ತೆಗೆದು ಇಸ್ತ್ರಿಪೆಟ್ಟಿಗೆ ಆಚೆ ರೂಮಲ್ಲಿಡು. ಇದು ಬೆಂಕಿ ಹತ್ತೋ ಸಾಮಾನು," ಎನ್ನುತ್ತಾ ಹೇರ್‌ಸ್ಪ್ರೇ ಡಬ್ಬಿ ತಂದಳು.

ಆ ಡಬ್ಬಿಯನ್ನು ಯಾರಾದರೂ ಮುಟ್ಟಿದರೆ ಅಮ್ಮನಿಗೆ ಆಗುತ್ತಿರಲಿಲ್ಲ. ಒಮ್ಮೆ ಗಿಲಕಿ ಗೊಂಬೆಯ ಜುಟ್ಟಿಗೆ ಚೂರೇ ಚೂರು ಹೊಡೆದಾಗ, "ಇದು ನನ್ನ ಕೆಲಸದ್ದು ಕಣೇ, ಆಟಕ್ಕಲ್ಲ!" ಎಂದು ಗದರಿದ್ದಳು. ಹೋಟೆಲಿನ ರಿಸೆಪ್ಷನ್‌ನಲ್ಲಿ ನಿಲ್ಲುವವರ ಒಂದೆಳೆ ಕೂದಲೂ ಹಾರಬಾರದು ಎಂದು ಮ್ಯಾನೇಜರ್ ಕಟ್ಟಪ್ಪಣೆ ಮಾಡಿದ್ದನಂತೆ. ದಿನಾ ಬೆಳಿಗ್ಗೆ ತುರುಬು ಕಟ್ಟಿ, ಉಸಿರು ಬಿಗಿಹಿಡಿದು, ಅಮ್ಮ ತಲೆಯ ಸುತ್ತ ಫುಸ್ ಎನ್ನಿಸುತ್ತಿದ್ದಳು.

ಈಗ ಅಂಗಿಯ ಮೇಲೆ ಧಾರಾಳವಾಗಿ ಹೊಡೆದಳು. ಹಳೆ ಬಟ್ಟೆಯಿಂದ ಒತ್ತಿದಳು. ಮತ್ತೆ ಹೊಡೆದಳು. ಕಲೆ ತಿಳಿಯಾಗತೊಡಗಿತು.

"ಅಮ್ಮಾ, ಖಾಲಿಯಾಗತ್ತೆ!"

"ಆಗ್ಲಿ ಬಿಡು."

"ಹಾಗಾದ್ರೆ ನನಗೂ ಸ್ವಲ್ಪ ಹೊಡಿಯೇ," ಅಜ್ಜಿ ದಾರದ ತುದಿ ಚಾಚಿದಳು. "ಸೆಟೆದು ನಿಂತ್ರೆ ಸೂಜಿಗೆ ತಾನೇ ನುಗ್ಗತ್ತೆ." ಆಮೇಲೆ ಗೊಣಗಿದಳು: "ಆ ಮ್ಯಾನೇಜರ್ ಮುಖಕ್ಕೆ ಹೊಡೀಬೇಕಿತ್ತು ಇದನ್ನ."

"ಅತ್ತೇ..." ಅಮ್ಮ ಕಣ್ಣಲ್ಲೇ ತಡೆದಳು.

ಗಿಲಕಿ ನಕ್ಕುಬಿಡುವವಳಿದ್ದಳು. ಅಷ್ಟರಲ್ಲಿ ಅವಳ ಕಣ್ಣು ಡಬ್ಬಿಯ ಮೇಲೆ ಬಿತ್ತು. ಭಾನುವಾರ ಅವಳ ಪೆನ್ಸಿಲ್ ಚಿತ್ರ ಅಳಿಸಿಹೋಗದಿರಲಿ ಎಂದು ಅಮ್ಮ ಇದನ್ನೇ ಹೊಡೆದುಕೊಟ್ಟಿದ್ದಳು. ನಿನ್ನೆ ಕಾಲಿಗೆ ಅಂಟಿಕೊಳ್ಳುತ್ತಿದ್ದ ಲಂಗಕ್ಕೂ ಇದೇ. ಚಿತ್ರಕ್ಕೆ, ಲಂಗಕ್ಕೆ, ಅಂಗಿಗೆ, ದಾರಕ್ಕೆ. ಅಮ್ಮನ ಕೂದಲಿಗೆ ಮಾತ್ರ ಇಲ್ಲ. ಕೇಳಿದ್ದಕ್ಕೆ, "ನಂಗೆ ರಜಾ ಕಣೇ," ಎಂದಿದ್ದಳು ಅಮ್ಮ. ರಜಾ ಆದರೆ ಹೋಟೆಲಿನವರು ಕೊಟ್ಟಿದ್ದ ನೀಲಿ ಕೋಟು ಬಾಗಿಲ ಹಿಂದಿನ ಮೊಳೆಯಲ್ಲೇ ಇರಬೇಕಿತ್ತಲ್ಲ? ಮೊಳೆ ಬೋಳಾಗಿತ್ತು.

ಡಬ್ಬಿ ಕೊನೆಗೊಮ್ಮೆ ಬರೀ ಗಾಳಿ ಉಗುಳಿತು. ಅಮ್ಮ ಅದನ್ನು ಅಲ್ಲಾಡಿಸಿ ನೋಡಿ ಕಸದ ಬುಟ್ಟಿಗೆ ಹಾಕಿದಳು. "ಹೋಯ್ತು ನೋಡು ಕಲೆ! ಬೇಗ ಹಾಕ್ಕೋ, ಸ್ಕೂಲಿಗೆ ಲೇಟಾಗತ್ತೆ," ಎಂದು ಅಂಗಿ ಹಿಡಿದು ನಿಂತಳು. ತುರುಬಿನಿಂದ ಬಿಚ್ಚಿದ ಕೂದಲ ಎಳೆಗಳು ಅವಳ ಹಣೆಯ ಮೇಲೆ ಹಾರಾಡುತ್ತಿದ್ದವು.

ಗಿಲಕಿ ಅಂಗಿಗೆ ಕೈ ಚಾಚಲಿಲ್ಲ. ಆ ಎಳೆಗಳನ್ನು ಮೆಲ್ಲಗೆ ಅಮ್ಮನ ಕಿವಿಯ ಹಿಂದೆ ಸರಿಸಿದಳು.

"ಅಮ್ಮಾ, ಹೋಟೆಲ್‌ನವರು ನಿನ್ನ ಬೇಡ ಅಂದ್ಬಿಟ್ರಾ?"