ಕಣ್ಣು ತೊಳೆಯುವ ಬಾಟಲಿ

ಸೋಮವಾರ ಬೆಳಗ್ಗೆ ಠಾಣೆಯೊಳಗೆ ಮೊದಲು ಬಂದದ್ದು ಅತ್ತೆಯ ಧ್ವನಿ. ಅತ್ತೆ ಬಂದದ್ದು ಆಮೇಲೆ. ಆ ಧ್ವನಿಗೆ ಲಾಕಪ್ಪಿನಲ್ಲಿದ್ದ ಜೇಬುಗಳ್ಳ ತಾನು ಮಾಡದ ಕಳ್ಳತನಗಳನ್ನೂ ಒಪ್ಪಿಕೊಳ್ಳುವವನಂತೆ ಎದ್ದು ನಿಂತ.

"ನನ್ನ ಕಿರೀ ಸೊಸೆ ಕಣ್ಣು ಹೋಯ್ತು ಸಾರ್. ಒಂದಲ್ಲ, ಎರಡೂ. ಆ ಆಸ್ಪತ್ರೆಯವರನ್ನ ಒಳಗೆ ಹಾಕಿ."

"ಕೂತ್ಕೊಳ್ಳಿ ಅಮ್ಮ. ಯಾವಾಗ ಆಗಿದ್ದು?" ಇನ್ಸ್‌ಪೆಕ್ಟರ್ ಕೇಳಿದರು.

"ಶನಿವಾರ ಮಧ್ಯಾಹ್ನ. ಹೋಗ್ತಾ ಎರಡು ಕಣ್ಣಿಟ್ಕೊಂಡು ಹೋದ್ಲು, ಬರ್ತಾ ಒಂದೂ ಇಲ್ಲ."

ಕಿರಿಯ ಸೊಸೆ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದಳು. ಆಪರೇಷನ್ನಿನಲ್ಲಿ ಕತ್ತರಿಸಿ ತೆಗೆದ ಅಂಗದ ತುಂಡುಗಳು ಕೊಳೆಯದಂತೆ ಫಾರ್ಮಲಿನ್ ಎಂಬ ದ್ರಾವಣದಲ್ಲಿ ಮುಳುಗಿಸಿಡುವುದು ಅವಳ ಕೆಲಸ. ಕ್ಯಾನಿನಿಂದ ಡಬ್ಬಿಗೆ ಸುರಿಯುವಾಗ ಅದು ಮುಖಕ್ಕೆ ಚಿಮ್ಮಿತ್ತು. ಹಿರಿಯ ಸೊಸೆಯೂ ಅದೇ ಕೋಣೆಯಲ್ಲಿ ಹನ್ನೊಂದು ವರ್ಷದಿಂದ ಇದ್ದವಳು. ಓಡಿ ಬಂದು ಕಣ್ಣು ತೊಳೆದವಳು ಅವಳೇ.

ನಿರ್ಲಕ್ಷ್ಯದ ಆರೋಪದಡಿ ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ಇನ್ಸ್‌ಪೆಕ್ಟರ್ ಪಂಚನಾಮೆಗೆ ಹೊರಟರು. ಜೊತೆಗೆ ಹೆಡ್ ಕಾನ್‌ಸ್ಟೇಬಲ್ ಮೂಗಣ್ಣ. ಅಪ್ಪ ಅಮ್ಮ ಇಟ್ಟ ಹೆಸರನ್ನು ಸಂಬಳದ ದಿನ ಮಾತ್ರ ಯಾರಾದರೂ ನೆನೆಯುತ್ತಿದ್ದರು. ಮೂರು ಬೀದಿಯಾಚೆ ಸಾರು ಕುದಿದರೆ ಅದಕ್ಕೆ ಉಪ್ಪು ಬಿದ್ದಿದೆಯೋ ಇಲ್ಲವೋ ಹೇಳಬಲ್ಲ ಮೂಗು ಅವನದು.

ಪ್ರಯೋಗಾಲಯದ ಬಾಗಿಲು ತೆರೆದದ್ದೇ ತಡ, ಮೂಗಣ್ಣನ ಕಣ್ಣಲ್ಲಿ ಹೆಂಡತಿಯನ್ನು ತವರಿಗೆ ಕಳಿಸುವಾಗಲೂ ಬಾರದ ನೀರು ಬಂತು. ಕಪಾಟುಗಳಲ್ಲಿ ಸಾಲಾಗಿ ಗಾಜಿನ ಭರಣಿಗಳು. ಒಂದರಲ್ಲಿ ಪಿತ್ತಕೋಶ, ಇನ್ನೊಂದರಲ್ಲಿ ಯಾರದೋ ಕಾಲಿನ ಬೆರಳು, ಉಗುರಿನ ಬಣ್ಣ ಸಮೇತ.

"ನಾವು ನಿಯಮ ಮೀರಿಲ್ಲ," ಎಂದರು ಮುಖ್ಯಸ್ಥರಾದ ಡಾಕ್ಟರು. "ಹೊಗೆ ಎಳೆಯೋ ಫ್ಯಾನಿದೆ, ಕೈಗವಸಿದೆ, ಕಣ್ಣಿಗೆ ಕನ್ನಡಕ ಇದೆ."

"ಕನ್ನಡಕ ಎಲ್ಲಿತ್ತು?"

"ಕಪಾಟಿನಲ್ಲಿ."

"ಕಣ್ಣೂ ಕಪಾಟಿನಲ್ಲೇ ಇತ್ತಾ?"

ಹಿರಿಯ ಸೊಸೆ ಸಿಂಕಿನ ಬಳಿ ಭರಣಿ ಉಜ್ಜುತ್ತಿದ್ದಳು. ಕರೆದಾಗ ಕೈ ಒರೆಸಿಕೊಂಡು ಬಂದು ನಿಂತಳು. ಶಾಂತ ಮುಖ.

"ನೀವೇ ತೊಳೆದಿದ್ದಾ?"

"ಹೌದು ಸಾರ್. ತಲೆ ಹಿಂದಕ್ಕೆ ಬಗ್ಗಿಸಿ, ರೆಪ್ಪೆ ಅಗಲಿಸಿ ತೊಳೆದೆ. ಹದಿನೈದು ನಿಮಿಷ. ನಿಯಮ ಹಾಗೇ ಇದೆ."

"ಯಾವುದರಿಂದ?"

ಅವಳು ಗೋಡೆಯತ್ತ ಕೈ ತೋರಿಸಿದಳು. ಅಲ್ಲಿ ಕಣ್ಣು ತೊಳೆಯುವ ನೀರಿನ ಬಾಟಲಿ ತೂಗುತ್ತಿತ್ತು, ಕತ್ತಿನಿಂದ ಸಣ್ಣ ಕೊಳವೆ.

"ಅದರಲ್ಲಿ ನೀರೇ ಇತ್ತು ಅಂತ ಹೇಗೆ ಗೊತ್ತು? ನೀರಿಗೂ ಬಣ್ಣ ಇಲ್ಲ, ಫಾರ್ಮಲಿನ್ನಿಗೂ ಇಲ್ಲ."

"ಮೂಸಿ ನೋಡ್ದೆ ಸಾರ್. ಇಲ್ಲಿ ಎಲ್ಲರೂ ಹಾಗೇ ನೋಡೋದು."

ಡಾಕ್ಟರು ನಡುವೆ ಬಾಯಿ ಹಾಕಿದರು. "ಮೂಸಬಾರದು ಅಂತ ಹೇಳಿದೀವಿ. ಚೀಟಿ ಅಂಟಿಸಿ, ಓದಿ ಅಂತ. ಆದ್ರೆ ರೂಢಿ..."

"ಈಗ ಇರೋದೂ ಅವತ್ತಿನ ನೀರೇನಾ?"

"ಅದೇ. ಆಮೇಲೆ ಯಾರೂ ಮುಟ್ಟಿಲ್ಲ," ಎಂದಳು ಹಿರಿಯ ಸೊಸೆ.

ಇನ್ಸ್‌ಪೆಕ್ಟರ್ ಬಾಟಲಿ ಎತ್ತಿ ಬೆಳಕಿಗೆ ಹಿಡಿದರು. ಕತ್ತಿನವರೆಗೆ ನೀರಿತ್ತು. ಕಾಲು ಗಂಟೆ ಕಣ್ಣು ತೊಳೆದ ಬಾಟಲಿ ಅಕ್ಷಯಪಾತ್ರೆಯಂತೆ ತುಂಬಿಯೇ ಇತ್ತು. ಅವರು ಅದನ್ನು ಮೂಗಣ್ಣನ ಕೈಗೆ ಕೊಟ್ಟರು. ಮೂಗಣ್ಣ ಮುಚ್ಚಳ ತಿರುಗಿಸಿ ಮೂಗಿನ ಹತ್ತಿರ ತಂದವನು ಒದೆಸಿಕೊಂಡವನಂತೆ ಹಿಂದೆ ಸರಿದ.

"ನೀರಲ್ಲ ಸಾರ್. ಅಂದ್ರೆ, ಒಳಗೆ ನೀರೇ. ಮುಚ್ಚಳ, ಕೊಳವೆ ಎಲ್ಲಾ ಅದೇ ನಾತ."

ಬಾಟಲಿಯನ್ನು ಪಂಚರ ಎದುರು ಮೊಹರು ಮಾಡಿ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳುಹಿಸಲಾಯಿತು.

ಮಂಗಳವಾರ ಕಣ್ಣಿನ ಡಾಕ್ಟರು ಹೇಳಿಕೆ ಕೊಟ್ಟರು. ಡಬ್ಬಿಗೆ ಹಾಕುವುದು ನೀರು ಬೆರೆಸಿದ ಫಾರ್ಮಲಿನ್. ಅದು ಚಿಮ್ಮಿದರೆ, ಕೂಡಲೇ ತೊಳೆದರೆ, ಹೆಚ್ಚಿನವರ ಕಣ್ಣು ಉಳಿಯುತ್ತದೆ.

"ಇಲ್ಲಿ ಎರಡೂ ಕಣ್ಣು ಸರಿಸಮ ಸುಟ್ಟಿವೆ, ರೆಪ್ಪೆಯ ಒಳಗಡೆಯೂ. ಚಿಮ್ಮಿದ್ದು ಇಷ್ಟು ಅಚ್ಚುಕಟ್ಟಾಗಿ ಬೀಳಲ್ಲ ಇನ್ಸ್‌ಪೆಕ್ಟರೇ. ಯಾರೋ ನೀರು ಬೆರೆಸದ ಫಾರ್ಮಲಿನ್ನಲ್ಲೇ ತೊಳೆದಿದಾರೆ."

ವಾರ್ಡಿನಲ್ಲಿ ಕಿರಿಯ ಸೊಸೆ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಗೋಡೆಗೆ ಒರಗಿದ್ದಳು.

"ಕನ್ನಡಕ ಯಾಕೆ ಹಾಕಿರ್ಲಿಲ್ಲಮ್ಮ?"

"ಸೇರಿದ ದಿನವೇ ಅಕ್ಕ ಬೇಡ ಅಂದಿದ್ರು ಸಾರ್. ಮಂಜು ಹಿಡಿಯುತ್ತೆ, ಕೈ ತಪ್ಪುತ್ತೆ ಅಂತ."

"ಅವರು ಹಾಕ್ಕೋತಾರಾ?"

ಅವಳ ಕೈ ಕಣ್ಣಿನ ಪಟ್ಟಿಯತ್ತ ಹೋಯಿತು. "ಹಾಕ್ಕೋತಾರೆ."

"ತೊಳೆಯುವಾಗ ಏನನ್ನಿಸ್ತು?"

"ತೊಳೆದಷ್ಟೂ ಉರೀತಿತ್ತು. ಅಕ್ಕ, ಸಾಕು, ಜೀವ ಹೋಗ್ತಿದೆ ಅಂದೆ. ತಡ್ಕೋ, ಉರಿದ್ರೇನೇ ಹೋಗೋದು ಅಂದ್ರು. ನನ್ನ ಕೈ ಎರಡೂ ಹಿಂದಕ್ಕೆ ಹಿಡ್ಕೊಂಡು ಮೊಣಕಾಲಲ್ಲಿ ಒತ್ತಿದ್ರು. ನಾನೆಲ್ಲಿ ಕಣ್ಣುಜ್ಜಿಬಿಡ್ತೀನೋ ಅಂತ. ಪಾಪ, ಅವರೂ ಅಳ್ತಿದ್ರು."

ಇನ್ಸ್‌ಪೆಕ್ಟರ್ ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು. ಆ ಕೊನೆಯ ಮಾತನ್ನೂ ಬರೆದುಕೊಂಡರು.

ವಿಧಿವಿಜ್ಞಾನದ ವರದಿ ಬರಲು ಒಂದು ವಾರ ಹಿಡಿಯಿತು. ಬಾಟಲಿಯ ಕೊಳವೆಯಲ್ಲಿ ಫಾರ್ಮಲಿನ್ ಇತ್ತು. ಅಷ್ಟರಲ್ಲಿ ಕಿರಿಯ ಸೊಸೆಯನ್ನು ಮನೆಗೆ ಕಳುಹಿಸಿದ್ದರು. ಇನ್ಸ್‌ಪೆಕ್ಟರ್, ಮೂಗಣ್ಣ ಮತ್ತು ಮಹಿಳಾ ಕಾನ್‌ಸ್ಟೇಬಲ್ ಸಂಜೆ ಮನೆಗೆ ಹೋದಾಗ ಗಂಡಂದಿರಿಬ್ಬರೂ ಕೆಲಸದಿಂದ ಬಂದಿರಲಿಲ್ಲ. ಬಂದಿದ್ದರೂ ಪ್ರಯೋಜನವಿರಲಿಲ್ಲ, ಅಮ್ಮ ಮಾತಾಡುವ ಮನೆಯಲ್ಲಿ ಅವರು ಆಕಳಿಸಲು ಮಾತ್ರ ಬಾಯಿ ತೆರೆಯುತ್ತಿದ್ದರು.

ಹಿರಿಯ ಸೊಸೆ ನಡುಮನೆಯಲ್ಲಿ ಬಟ್ಟೆ ಮಡಿಸುತ್ತಿದ್ದಳು.

"ಒಂದು ಮಾತು ಖಚಿತ ಮಾಡ್ಕೋಬೇಕಿತ್ತು," ಎಂದರು ಇನ್ಸ್‌ಪೆಕ್ಟರ್. "ಬಾಟಲಿ ಮೂಸಿ ನೋಡಿದ್ರಿ ಅಂದ್ರಲ್ಲ."

"ಹೌದು ಸಾರ್."

ಅತ್ತೆ ಕಿಸಕ್ಕನೆ ನಕ್ಕಳು. "ಇವಳಾ? ಇವಳು ಮೂಸಿದ್ಲಾ? ಅಯ್ಯೋ ಸಾರ್, ಇವಳಿಗೆ ಮೂಗಿರೋದು ಮೂಗುತಿ ಹಾಕ್ಕೊಳ್ಳೋಕೆ. ಇಲಿ ಸತ್ತು ಮಂಚದ ಕೆಳಗೆ ಕೊಳೆತ್ರೂ ಮೇಲೆ ಗೊರಕೆ ಹೊಡೀತಾಳೆ."

"ಅತ್ತೆ," ಎಂದಳು ಹಿರಿಯ ಸೊಸೆ ಮೆಲ್ಲಗೆ.

"ಏನತ್ತೆ? ಸುಳ್ಳಾ? ಹೋದ ವರ್ಷ ಗ್ಯಾಸ್ ಸೋರಿ ಮನೆಯೆಲ್ಲಾ ತುಂಬಿದ್ರೂ ಇವಳು ತಾನು ಹೆತ್ತ ಮಗೂನ ಪಕ್ಕದಲ್ಲಿ ಮಲಗಿಸ್ಕೊಂಡು ತಟ್ತಾ ಇದ್ಲು ಸಾರ್. ನಾನು ಬರೋದು ಒಂದು ಗಳಿಗೆ ತಡ ಆಗಿದ್ರೆ ಮೊಮ್ಮಗಳು ಇರ್ತಿರ್ಲಿಲ್ಲ. ಅವತ್ತೇ ಹೇಳ್ದೆ, ಮೂಗಿಲ್ಲದವಳ ಹತ್ರ ಮಗು ಬೇಡ ಅಂತ. ಕಿರಿಯವಳ ಕೋಣೆಗೆ ತೊಟ್ಟಿಲು ಸಾಗಿಸಿದೆ."

ಜೀವಮಾನದಲ್ಲಿ ಮೊದಲ ಸಲ ಅತ್ತೆಗೂ ತಾನು ಏನೋ ಹೆಚ್ಚು ಹೇಳಿದೆ ಅನ್ನಿಸಿರಬೇಕು. ಬಾಯಿ ಮುಚ್ಚಿಕೊಂಡಳು.

"ಮೂಗು ಯಾವಾಗ ಹೋಯ್ತು?" ಇನ್ಸ್‌ಪೆಕ್ಟರ್ ಕೇಳಿದರು.

"ಮೂರು ವರ್ಷ ಆಯ್ತು. ಲ್ಯಾಬಿನ ಹೊಗೆ ಎಳೆಯೋ ಫ್ಯಾನ್ ಕೆಟ್ಟಿತ್ತು. ರಿಪೇರಿ ಮಾಡ್ಸಿ ಅಂತ ಡಾಕ್ಟರ್‌ಗೆ ಆರು ತಿಂಗಳು ಹೇಳಿದೆ. ಸರಿ ಹೋಗೋಷ್ಟರಲ್ಲಿ ನನ್ನ ಮೂಗು ಹೋಗಿತ್ತು."

"ಆಮೇಲೆ ಬಾಟಲೀನ ನೀವೇ ತೊಳೆದು ನೀರು ತುಂಬಿಸಿದ್ರಿ ಅಲ್ವಾ?"

ಅವಳು ಮಡಿಸಿದ್ದ ಅಂಗಿಯನ್ನು ಬಿಚ್ಚಿ ಮತ್ತೆ ಮಡಿಸಿದಳು.

"ಮೂಗಿರೋರು ತೊಳೆದಿದ್ರೆ ಇನ್ನೂ ನಾಲ್ಕು ಸಲ ತೊಳೀತಿದ್ರು," ಎಂದರು ಇನ್ಸ್‌ಪೆಕ್ಟರ್.

"ಮೂರು ಸಲ ತೊಳೆದಿದ್ದೆ ಸಾರ್. ಸಾಕು ಅನ್ಕೊಂಡೆ."

"ಅವಳ ಮುಖಕ್ಕೆ ಎರಚಿದ್ದೂ ನೀವೇನಾ?"

"ಇಲ್ಲ. ಅದು ತಾನಾಗೇ ಚಿಮ್ಮಿದ್ದು. ಕನ್ನಡಕ ಇಲ್ದೇ ಸುರಿಯೋರಿಗೆ ಒಂದಲ್ಲ ಒಂದು ದಿನ ಚಿಮ್ಮೇ ಚಿಮ್ಮುತ್ತೆ. ನಾನು ಬಾಟಲಿಗೆ ಫಾರ್ಮಲಿನ್ ತುಂಬಿಸಿಟ್ಟು ಕಾದೆ, ಅಷ್ಟೇ."

"ಬೇರೆ ಯಾರಾದ್ರೂ ಅದರಲ್ಲಿ ತೊಳ್ಕೊಂಡಿದ್ರೆ?"

"ಬೇರೆಯೋರೆಲ್ಲಾ ಕನ್ನಡಕ ಹಾಕ್ಕೋತಾರೆ."

ಮೂಗಣ್ಣ ಗೋಡೆ ನೋಡುತ್ತ ನಿಂತ. ಕೊಲೆ, ದರೋಡೆಗಳಲ್ಲಿ ಕೂದಲು ನರೆಸಿಕೊಂಡವನಿಗೂ ಆ ಹೆಂಗಸಿನ ಮುಖ ನೋಡಲು ಮನಸ್ಸಾಗಲಿಲ್ಲ.

ಬಂಧನದ ಜ್ಞಾಪನವನ್ನು ಅಲ್ಲೇ ಬರೆದು ಓದಿ ಹೇಳಲಾಯಿತು. ನಿರ್ಲಕ್ಷ್ಯದ ಆರೋಪದ ಜಾಗದಲ್ಲಿ ಉದ್ದೇಶಪೂರ್ವಕ ತೀವ್ರ ಗಾಯದ ಆರೋಪ ಬಂತು. ಕಾರಣ ಕೇಳಿದಾಗ ಹಿರಿಯ ಸೊಸೆ ಕೊಟ್ಟ ಹೇಳಿಕೆ ನಾಲ್ಕೇ ಸಾಲಿನದು: "ಮೂಗಿಲ್ಲದವಳ ಹತ್ರ ಮಗು ಬೇಡ ಅಂದ್ರು. ಕಣ್ಣಿಲ್ಲದವಳ ಹತ್ರ ಬಿಡ್ತಾರಾ? ಅವಳ ಮೇಲೆ ನಂಗೆ ದ್ವೇಷ ಇಲ್ಲ. ಮಗು ವಾಪಸ್ ಬರುತ್ತೆ ಅನ್ಕೊಂಡೆ."

ಮಹಿಳಾ ಕಾನ್‌ಸ್ಟೇಬಲ್ ಅವಳ ತೋಳು ಹಿಡಿದಳು. ಮಾತು ಕೇಳಿಸಿ ಒಳಕೋಣೆಯಿಂದ ಕಿರಿಯ ಸೊಸೆ ಬಂದು ಬಾಗಿಲಲ್ಲಿ ನಿಂತಿದ್ದಳು, ಕಣ್ಣ ಮೇಲೆ ಬಿಳಿ ಪಟ್ಟಿ. ಯಾವಾಗಿನಿಂದ ನಿಂತಿದ್ದಳೋ. ಅವಳ ಬೆರಳು ಹಿಡಿದು ಮಗು ಮುಂದೆ ನಿಂತಿತ್ತು.

"ಬಾ ಪುಟ್ಟಿ," ಹಿರಿಯ ಸೊಸೆ ಕೈ ಚಾಚಿದಳು. "ಅಮ್ಮನ ಹತ್ರ ಬಾ."

ಮಗು ಕಿರಿಯವಳ ಸೆರಗಿನ ಹಿಂದಕ್ಕೆ ಸರಿಯಿತು. ಪೊಲೀಸರ ಬೂಟು ನೋಡಿತು, ಬಾಗಿಲು ದಾಟುತ್ತಿದ್ದ ಹೆಂಗಸನ್ನು ನೋಡಿತು, ಆಮೇಲೆ ತಲೆಯೆತ್ತಿ ಕಿರಿಯವಳನ್ನು ಕೇಳಿತು:

"ಅಮ್ಮ, ದೊಡ್ಡಮ್ಮ ಎಲ್ಲಿಗೆ ಹೋಗ್ತಿದಾರೆ?"

ಕಿರಿಯ ಸೊಸೆ ತಡಕಾಡಿ ಮಗುವಿನ ತಲೆಯ ಮೇಲೆ ಕೈಯಿಟ್ಟಳು.

"ನಂಗೆ ಕಾಣಿಸ್ತಿಲ್ಲ, ಪುಟ್ಟಿ."