ಹನ್ನೆರಡನೇ ಗೀಟು

ಸೋಮವಾರ ಬೆಳಿಗ್ಗೆ 9.40ಕ್ಕೆ ಠಾಣೆಗೆ ಬಂದ ಹೆಂಗಸು ಕುರ್ಚಿಯಲ್ಲಿ ಕೂತವರೇ ಎರಡೂ ಕೈಗಳನ್ನು ಮೇಜಿನ ಕೆಳಗೆ ಇಳಿಬಿಟ್ಟರು. ವಯಸ್ಸು ಐವತ್ತಾರು. ಹಲ್ಲಿನ ಡಾಕ್ಟರ್. ಗಂಡ ತೀರಿಕೊಂಡು ಹತ್ತು ತಿಂಗಳು, ಮನೆಯಲ್ಲಿ ಒಬ್ಬರೇ. ಜೊತೆಗೆ ಬಂದಿದ್ದ ತಮ್ಮ ಬಾಗಿಲ ಬಳಿಯೇ ನಿಂತಿದ್ದ.

"ನಾನು ಕ್ಲಿನಿಕ್‌ಗೆ ಹೋದಾಗ ಮನೆಯೊಳಗೆ ಯಾರೋ ಬರ್ತಿದ್ದಾರೆ."

"ಏನು ಕಳುವಾಗಿದೆ?" ಇನ್ಸ್‌ಪೆಕ್ಟರ್ ಕೇಳಿದರು.

"ಏನೂ ಇಲ್ಲ."

"ಬೀಗ ಮುರಿದಿದ್ದಾರಾ?"

"ಇಲ್ಲ."

"ಮತ್ತೆ ಹೇಗೆ ಗೊತ್ತಾಯ್ತು?"

"ಬಾಟಲಿಯಲ್ಲಿ ನೀರಿರಬೇಕಿತ್ತು. ಇರಲಿಲ್ಲ."

ತಮ್ಮ ದೊಡ್ಡದಾಗಿ ಉಸಿರುಬಿಟ್ಟ. "ಸಾರ್, ಭಾವ ಹೋದ ಮೇಲೆ ಅಕ್ಕನಿಗೆ ಸ್ವಲ್ಪ ಹೀಗೆ. ಕ್ಲಿನಿಕ್ ಮುಚ್ಚು, ನಮ್ಮ ಮನೆಗೆ ಬಂದುಬಿಡು ಅಂತ ಹೇಳಿ ಹೇಳಿ ಸಾಕಾಯ್ತು."

"ನಿಮ್ಮನ್ನ ಕೇಳಿದಾಗ ನೀವು ಹೇಳಿ," ಎಂದು ಇನ್ಸ್‌ಪೆಕ್ಟರ್ ಅವನನ್ನು ತಡೆದು ಡಾಕ್ಟರ ಕಡೆ ತಿರುಗಿದರು.

ಡಾಕ್ಟರ್ ನಿಧಾನವಾಗಿ ವಿವರಿಸಿದರು. ಅವರ ಗಂಡ ಬಿಟ್ಟುಹೋದದ್ದು ರೆಕಾರ್ಡು ಹಾಡಿಸುವ ಒಂದು ಟರ್ನ್‌ಟೇಬಲ್. ಅದರ ಭಾರವಾದ ತಟ್ಟೆ ಯಾವ ಆಸರೆಯನ್ನೂ ಮುಟ್ಟುವುದಿಲ್ಲ, ಕೂದಲೆಳೆಯಷ್ಟು ಗಾಳಿಯ ಪದರದ ಮೇಲೆ ತೇಲುತ್ತದೆ. ಸೂಜಿ ಹಿಡಿದ ತೋಳೂ ಹಾಗೆಯೇ. ಗಾಳಿ ಒದಗಿಸುವ ಪಂಪು ಪಕ್ಕದ ಉಗ್ರಾಣದಲ್ಲಿದೆ. ಗಾಳಿಯ ತೇವವೆಲ್ಲ ಪಂಪಿನ ಮಗ್ಗುಲಿನ ಪುಟ್ಟ ಬಾಟಲಿಗೆ ಇಳಿಯುತ್ತದೆ.

"ಕ್ಲಿನಿಕ್‌ನಲ್ಲೂ ಇಂಥದ್ದೇ ಪಂಪು ಸಾರ್. ಬಾಟಲಿ ಕಡೆ ಕಣ್ಣು ಹೋಗೋದು ನನಗೆ ಅಭ್ಯಾಸ. ಮನೇದನ್ನ ಭಾನುವಾರ ಮಾತ್ರ ಖಾಲಿ ಮಾಡ್ತೀನಿ. ಬುಧವಾರ ನೋಡಿದ್ರೆ ಯಾರೋ ಬಗ್ಗಿಸಿ, ಒರೆಸಿ ಇಟ್ಟಿದ್ದಾರೆ. ಹಿಂದಿನ ವಾರವೂ ಹಾಗೇ."

"ಇನ್ನೇನಾದರೂ?"

"ಹಾಡು ಚುಚ್ಚುತ್ತೆ. ವಾರದಿಂದ ವಾರಕ್ಕೆ ಜಾಸ್ತಿ."

ದೂರು ಬರೆದುಕೊಳ್ಳುತ್ತಿದ್ದ ದಫೇದಾರರು ಪೆನ್ನು ಮೇಲೆತ್ತಿದರು. "ಹಾಡು ಚುಚ್ಚಿತು ಅಂತ ಎಫ್‌ಐಆರ್‌ನಲ್ಲಿ ಹೆಂಗೆ ಬರೀಲಿ ಸಾರ್? ಯಾವ ಆಯುಧ ಅಂತ ಹಾಕ್ಲಿ?"

ಡಾಕ್ಟರ್ ಎರಡೂ ಕೈಗಳನ್ನು ಮೇಜಿನ ಮೇಲಿಟ್ಟರು. ಬೆರಳುಗಳು ನಡುಗುತ್ತಿದ್ದವು, ಮೇಜಿನ ಗಾಜು ಟಕಟಕ ಎಂದಿತು.

"ಈ ಕೈಯಲ್ಲಿ ಜನರ ಬಾಯೊಳಗೆ ಡ್ರಿಲ್ ಹಿಡೀತೀನಿ. ಹೋದ ಗುರುವಾರ ಒಬ್ಬರ ನಾಲಿಗೆಗೆ ತಾಗಿಸಿಬಿಟ್ಟೆ. ಅಲ್ಲಿಂದ ಯಾರನ್ನೂ ಕುರ್ಚಿಯಲ್ಲಿ ಕೂರಿಸಿಲ್ಲ, ಸುಮ್ಮನೆ ಹೋಗಿ ಕೂತು ಬರ್ತೀನಿ. ಅವನನ್ನ ಹಿಡೀರಿ. ಇಲ್ಲಾಂದ್ರೆ, ಯಾರೂ ಬರ್ತಿಲ್ಲ, ತಲೆ ಕೆಟ್ಟಿರೋದು ನಿನಗೇ ಅಂತ ತೋರಿಸಿಕೊಡಿ. ಎರಡರಲ್ಲೊಂದು ನನಗೆ ಗೊತ್ತಾಗಲೇಬೇಕು."

10.15ಕ್ಕೆ ಎಫ್‌ಐಆರ್ ದಾಖಲಾಯಿತು. ಅಪರಾಧ: ಮನೆಯೊಳಗೆ ಅಕ್ರಮ ಪ್ರವೇಶ. ಆರೋಪಿ: ಅಪರಿಚಿತ.

11 ಗಂಟೆಗೆ ಇನ್ಸ್‌ಪೆಕ್ಟರ್ ಮತ್ತು ದಫೇದಾರರು ಮನೆ ತಲುಪಿದರು. ಹಾಲಿನಲ್ಲಿ ದಪ್ಪ ಪರದೆ, ಒಂದೇ ಒಂದು ಒರಗು ಕುರ್ಚಿ, ಎದುರಿಗೆ ಕಲ್ಲಿನ ಹಾಸಿನ ಮೇಲೆ ಯಂತ್ರ. ಡಾಕ್ಟರ್ ಗೋಡೆಯ ಸ್ವಿಚ್ ಒತ್ತಿದರು. ಉಗ್ರಾಣದಲ್ಲಿ ಪಂಪು ಗುಡುಗತೊಡಗಿತು. ಮೂವತ್ತರವರೆಗೆ ಎಣಿಸಿ ತಟ್ಟೆಯ ಅಂಚಿಗೆ ಒಂದು ಬೆರಳು ಸೋಕಿಸಿದರು. ತಟ್ಟೆ ತಿರುಗಿತು, ಸದ್ದಿಲ್ಲದೆ ತಿರುಗುತ್ತಲೇ ಇತ್ತು.

ದಫೇದಾರರು ಒಂದು ಹೆಜ್ಜೆ ಹಿಂದಿಟ್ಟರು. "ಇದೇನ್ ತಾಯಿ, ನಿಲ್ಲೋದೇ ಇಲ್ವಾ?"

"ಗಾಳಿ ಬರೋಕೆ ಮುಂಚೆ ಇದನ್ನ ತಿರುಗಿಸಿದರೆ?" ಇನ್ಸ್‌ಪೆಕ್ಟರ್ ಕೇಳಿದರು.

"ಒಳಗೆ ಗೀರು ಬೀಳುತ್ತೆ. ಅಲ್ಲಿಗೆ ಮುಗೀತು."

"ಗೀರು ಬಿದ್ದಿದೆಯಾ?"

"ಒಂದೂ ಇಲ್ಲ."

ಇನ್ಸ್‌ಪೆಕ್ಟರ್ ಬರೆದುಕೊಂಡರು: ಬರುವವನಿಗೆ ಕೆಲಸ ಗೊತ್ತು. ಯಂತ್ರದ ಮೇಲೆ ಅಕ್ಕರೆಯೂ ಇದೆ.

ತೋಳಿನ ಕಂಬದ ಮೇಲೆ ಸಣ್ಣ ಸಣ್ಣ ಗೀಟುಗಳಿದ್ದವು, ಪಕ್ಕದಲ್ಲಿ ಏರಿಸಿ ಇಳಿಸುವ ತಿರುಪು. ಗಂಡನ ನೋಟ್‌ಬುಕ್ಕಿನಲ್ಲಿ ಕೆಂಪು ಶಾಯಿಯಲ್ಲಿ ಬರೆದಿತ್ತು: "ತೋಳು ಹನ್ನೆರಡನೇ ಗೀಟಿನಲ್ಲಿ. ಯಾರೂ ಮುಟ್ಟಕೂಡದು." ಈಗ ತೋಳು ಹತ್ತೊಂಬತ್ತನೇ ಗೀಟಿನಲ್ಲಿತ್ತು.

"ನೀವು ಏರಿಸಿದ್ರಾ?"

"ಆ ತಿರುಪನ್ನ ಮುಟ್ಟೋಕೆ ನನಗೆ ಧೈರ್ಯವೇ ಇಲ್ಲ." ಡಾಕ್ಟರ ದನಿ ಇಳಿದುಹೋಯಿತು. "ತೋಳು ಏರಿದಷ್ಟೂ ಹಾಡು ಚೂಪಾಗುತ್ತೆ."

ಅಕ್ಕಪಕ್ಕದ ಮನೆಯವರಿಬ್ಬರನ್ನು ಪಂಚರನ್ನಾಗಿ ಕರೆದು ಪಂಚನಾಮೆ ಬರೆದರು. ತೋಳಿನ ಗೀಟು ಹತ್ತೊಂಬತ್ತು. ಪಂಪು ಒಟ್ಟು ಎಷ್ಟು ಗಂಟೆ ಓಡಿದೆ ಎಂದು ತೋರಿಸುವ ಮೀಟರಿನಲ್ಲಿ 1204.3.

"ನಾನು ಹೇಳೋವರೆಗೆ ಹಾಡು ಬೇಡ," ಎಂದರು ಇನ್ಸ್‌ಪೆಕ್ಟರ್. "ದಿನಾ ಹೋಗೋ ಹೊತ್ತಿಗೇ ಕ್ಲಿನಿಕ್‌ಗೆ ಹೋಗಿ ಬನ್ನಿ."

ಮಧ್ಯಾಹ್ನ ತಮ್ಮನ ಸರದಿ. ಮನೆಯ ಇನ್ನೊಂದು ಕೀಲಿ ಇದ್ದದ್ದು ಅವನ ಹತ್ತಿರ.

"ಬುಧವಾರ ಎಲ್ಲಿದ್ರಿ?"

"ಆಫೀಸಲ್ಲಿ."

"ಅಕ್ಕ ಹೆದರಿದರೆ ನಿಮಗೆ ಅನುಕೂಲ ಅಲ್ವಾ? ಕ್ಲಿನಿಕ್ ಮುಚ್ಚಿ ನಿಮ್ಮ ಮನೆಗೆ ಬರ್ತಾರೆ."

ತಮ್ಮನ ಮುಖ ಬಿಳಿಚಿಕೊಂಡಿತು. "ಸಾರ್, ಚಿಕ್ಕಂದಿನಲ್ಲಿ ನನ್ನನ್ನ ಎತ್ತಿ ಆಡಿಸಿದ ಅಕ್ಕ. ಅವಳನ್ನ ಹೆದರಿಸಿ ನಾನೇನು ಸುಖಪಡ್ಲಿ?"

ಆಫೀಸಿನ ಹಾಜರಿ ಪುಸ್ತಕ ಅವನ ಮಾತನ್ನು ನಿಜವೆಂದಿತು.

ಮಂಗಳವಾರ ಮಧ್ಯಾಹ್ನ 1.30ಕ್ಕೆ ಡಾಕ್ಟರ ಫೋನ್ ಬಂತು. ಮೀಟರಿನಲ್ಲಿ 1204.9. ತೋಳು ಇಪ್ಪತ್ತನೇ ಗೀಟಿನಲ್ಲಿ. ಆ ಬೆಳಿಗ್ಗೆ, ಬೀಗ ಹಾಕಿದ ಮನೆಯಲ್ಲಿ, ಯಾರೋ ಮೂವತ್ತಾರು ನಿಮಿಷ ಕೂತಿದ್ದರು.

"ಕುರ್ಚಿಯ ದಿಂಬು ಇನ್ನೂ ತಗ್ಗಾಗಿದೆ ಸಾರ್," ಎಂದರು ಡಾಕ್ಟರ್. ಹಿಂದಿನಿಂದ ತಮ್ಮನ ದನಿ ಕೇಳಿಸಿತು. "ಅಕ್ಕಾ, ನಿಜವಾಗ್ಲೂ ಬರ್ತಾನಾ? ನಾನು ನಂಬಲಿಲ್ವಲ್ಲೇ!" ಅಕ್ಕ ಕರೆದೊಡನೆ ಆಫೀಸಿನಿಂದ ನೇರ ಬಂದಿದ್ದವನು ಅವತ್ತಿನಿಂದ ಅಲ್ಲೇ ಉಳಿದ.

ಬುಧವಾರ ಠಾಣೆಯಲ್ಲಿ ಕೂತು ಇನ್ಸ್‌ಪೆಕ್ಟರ್ ಒಂದೇ ಮಾತನ್ನು ತಿರುಗಿಸಿ ಮುರುಗಿಸಿ ನೋಡಿದರು. "ಕೆಲಸ ಬಲ್ಲವನು. ಯಂತ್ರಕ್ಕೆ ಒಂದು ಗೀರೂ ಮಾಡಲ್ಲ. ಆದರೂ ಸರಿಯಾಗಿದ್ದ ಎತ್ತರವನ್ನ ಪ್ರತಿ ಸಲ ಕೆಡಿಸ್ತಾನೆ. ಯಾಕೆ?"

"ನಮ್ಮತ್ತೆ ನೆನಪಾಗ್ತಾರೆ ಸಾರ್," ಎಂದರು ದಫೇದಾರರು. "ಟಿವಿ ಸರಿಯಿಲ್ಲ, ಟಿವಿ ಸರಿಯಿಲ್ಲ ಅಂತ ವಾಲ್ಯೂಮ್ ಏರಿಸ್ತಾನೇ ಹೋದ್ರು. ರಿಪೇರಿಯವನು ಮೂರು ಸಲ ಬಂದ. ಕೊನೆಗೆ ನೋಡಿದ್ರೆ ಕೆಟ್ಟಿದ್ದು ಟಿವಿ ಅಲ್ಲ, ಅತ್ತೆ ಕಿವಿ."

ಇನ್ಸ್‌ಪೆಕ್ಟರ್ ಅವರನ್ನೇ ದಿಟ್ಟಿಸಿದರು. ಆಮೇಲೆ ಡಾಕ್ಟರಿಗೆ ಫೋನ್ ಮಾಡಿದರು.

"ಆ ಯಂತ್ರ ಜೋಡಿಸಿದ್ದು ಯಾರು?"

"ಒಬ್ಬರು ವಯಸ್ಸಾದ ಯಜಮಾನರು. ಜೇಬಲ್ಲಿ ಸದಾ ರಸಮಟ್ಟ ಇಟ್ಟುಕೊಂಡಿರ್ತಿದ್ರು. ನೆಲ ಮಟ್ಟವಾಗಿದೆಯಾ, ಕಲ್ಲು ಮಟ್ಟವಾಗಿದೆಯಾ ಅಂತ ಅಳೀತಾನೇ ಇದ್ರು. ನನ್ನವರು ಅವರನ್ನ ರಸಮಟ್ಟ ಅಂತಲೇ ಕರೀತಿದ್ರು. ಐದು ವರ್ಷದ ಹಿಂದೆ ನಾಲ್ಕು ದಿನ ಕೆಲಸ ಮಾಡಿದ್ರು. ನಾವಿಬ್ಬರೂ ಹೊರಗೆ ಹೋಗ್ತಿದ್ವಿ, ಅದಕ್ಕೆ ಕೀಲಿ..." ಅಲ್ಲಿಗೇ ನಿಲ್ಲಿಸಿದರು.

"ವಾಪಸ್ ಕೊಟ್ರಾ?"

"ನನ್ನವರಿಗೆ ಗೊತ್ತಿರಬೇಕು ಸಾರ್."

"ಆ ರಸಮಟ್ಟದವನನ್ನ ಎತ್ತಿಕೊಂಡು ಬರೋಣ್ವಾ?" ದಫೇದಾರರು ಕೇಳಿದರು.

"ಬೇಡ. ಕೇಳಿದ್ರೆ ಇಲ್ಲ ಅಂತಾನೆ, ಕೀಲಿ ಮೋರಿಗೆ ಹೋಗುತ್ತೆ. ಅವನೇ ಬರಲಿ."

ಗುರುವಾರ ಬೆಳಿಗ್ಗೆ 10ಕ್ಕೆ ಡಾಕ್ಟರ್ ಕ್ಲಿನಿಕ್‌ಗೆ ಹೊರಟರು, ತಮ್ಮ ಆಫೀಸಿಗೆ. ಫೋನ್ ಮಾಡುವ ತನಕ ಹಿಂತಿರುಗಬಾರದೆಂದು ಇನ್ಸ್‌ಪೆಕ್ಟರ್ ಎರಡು ಸಲ ಹೇಳಿದರು. ತಾವಿಬ್ಬರೂ ಉಗ್ರಾಣ ಸೇರಿ ಬಾಗಿಲು ಎಳೆದುಕೊಂಡರು. ಕಿಟಕಿಯಿಲ್ಲದ ಕೋಣೆ, ಮೊಣಕಾಲಿಗೆ ತಾಗುವ ಪಂಪು.

10.52ಕ್ಕೆ ಮುಂಬಾಗಿಲ ಬೀಗ ತಿರುಗಿತು. ಹೆಜ್ಜೆಗಳು ಎಲ್ಲಿಯೂ ತಡವರಿಸದೆ ಹಾಲಿಗೆ ಬಂದವು. ಮರುಗಳಿಗೆ ಪಂಪು ಗುಡುಗಿತು. ಆಮೇಲೆ ಏನೂ ಕೇಳಿಸಲಿಲ್ಲ. ದಫೇದಾರರು ಕಿವಿಯ ಹತ್ತಿರ ಬಂದು ಏನೋ ಹೇಳಿದರು; ಏನೆಂದು ತಿಳಿಯಲಿಲ್ಲ. ಪಂಪಿನ ಪಕ್ಕ ಬಚ್ಚಿಟ್ಟುಕೊಂಡದ್ದು ತಪ್ಪಾಯಿತೆಂದು ಇನ್ಸ್‌ಪೆಕ್ಟರಿಗೆ ಆಗ ಹೊಳೆಯಿತು. ಹೊರಗಿನವನು ಬಾಗಿಲ ಆಚೆಯೇ ಬಂದು ನಿಂತರೂ ಗೊತ್ತಾಗುವಂತಿರಲಿಲ್ಲ.

ಗಾಳಿಯ ಕೊಳವೆ ಹಾಲಿಗೆ ಹಾದುಹೋಗಲು ಗೋಡೆಯಲ್ಲೊಂದು ತೂತಿತ್ತು. ಅದರ ಸುತ್ತ ತುರುಕಿದ್ದ ಸ್ಪಂಜನ್ನು ಕಿತ್ತು ಇನ್ಸ್‌ಪೆಕ್ಟರ್ ಕಣ್ಣಿಟ್ಟರು. ಎರಡು ಕೈ ಮಾತ್ರ ಕಂಡವು. ಮುದಿ ಕೈಗಳು, ಉಗುರು ಒಪ್ಪವಾಗಿ ಕತ್ತರಿಸಿದ್ದವು. ತಟ್ಟೆಯ ಮೇಲೆ ರಸಮಟ್ಟ ಇಟ್ಟವು, ತೆಗೆದವು. ರೆಕಾರ್ಡು ಒರೆಸಿದವು. ಸೂಜಿ ಇಳಿಸಿದವು. ಒಂದು ಕೈ ಉದ್ದನೆಯ ತೆಳು ಸ್ಕ್ರೂಡ್ರೈವರನ್ನು ತಿರುಪಿನ ಕಡೆ ಒಯ್ದಿತು.

ಆಗ ಹಾಲಿಗೆ ಬೆಳಕು ಬಿತ್ತು. ಮುಂಬಾಗಿಲು ತೆರೆದಿತ್ತು. ಹೊಸ್ತಿಲಲ್ಲಿ ಡಾಕ್ಟರ್.

ಸ್ಕ್ರೂಡ್ರೈವರ್ ಹಿಡಿದ ಕೈ ಅವರ ಕಡೆ ಮೇಲೆದ್ದಿತು.

ಇನ್ಸ್‌ಪೆಕ್ಟರ್ ಉಗ್ರಾಣದ ಬಾಗಿಲಿಗೆ ಭುಜ ಕೊಟ್ಟರು. ಬಾಗಿಲು ಕಚ್ಚಿಕೊಂಡಿತ್ತು. ಇನ್ನೊಮ್ಮೆ. ಮೂರನೇ ಸಲಕ್ಕೆ ದಫೇದಾರರ ಭಾರವೂ ಸೇರಿ ಇಬ್ಬರೂ ಹಾಲಿನೊಳಗೆ ಮುಗ್ಗರಿಸಿದರು. ಡಾಕ್ಟರ್ ಗೋಡೆಗೆ ಅಂಟಿ ನಿಂತಿದ್ದರು. ಎಪ್ಪತ್ತರ ಹತ್ತಿರದ ಮುದುಕ ಒಂದು ಕೈಯನ್ನು ಅವರ ಕಡೆ ಚಾಚಿ, ಇನ್ನೊಂದನ್ನು ಪೊಲೀಸರ ಕಡೆ ತಿರುಗಿಸಿ ಬೇಡಿಕೊಳ್ಳುತ್ತಿದ್ದ.

"ಮೆಲ್ಲಗೆ! ನೆಲ ಅದುರಿಸಬೇಡಿ. ಸೂಜಿ ಹಾರುತ್ತೆ!"

ದಫೇದಾರರು ಸ್ಕ್ರೂಡ್ರೈವರ್ ಕಿತ್ತುಕೊಂಡರು. ಆತ ತಡೆಯಲಿಲ್ಲ, ಕಣ್ಣು ಸೂಜಿಯ ಮೇಲೆಯೇ ಇತ್ತು.

"ಫೋನ್ ಮಾಡೋವರೆಗೆ ಬರಬೇಡಿ ಅಂದಿದ್ನಲ್ಲ!" ಇನ್ಸ್‌ಪೆಕ್ಟರ್ ರೇಗಿದರು.

"ಅಲ್ಲಿ ಕೂರೋಕೆ ಆಗಲಿಲ್ಲ ಸಾರ್," ಎಂದ ಡಾಕ್ಟರ್ ಎರಡೂ ಕಿವಿ ಮುಚ್ಚಿಕೊಂಡರು. ಸ್ಪೀಕರುಗಳಿಂದ ಹೆಂಗಸಿನ ಹಾಡು ಬರುತ್ತಿತ್ತು, ಹಲ್ಲು ಜುಮ್ಮೆನ್ನಿಸುವಷ್ಟು ಚೂಪಾಗಿ. ದಫೇದಾರರೂ ಮುಖ ಕಿವುಚಿದರು.

ಮುದುಕ ಡಾಕ್ಟರನ್ನು ನೋಡಿದ, ಅವರ ಕಿವಿಯ ಮೇಲಿದ್ದ ಕೈಗಳನ್ನು ನೋಡಿದ. ದಫೇದಾರರ ಮುಖವನ್ನೂ ನೋಡಿದ.

"ಚೂಪಾಗಿದೆಯಾ?"

"ಕಿವಿ ಹರಿಯೋ ಹಾಗಿದೆ," ಎಂದರು ಡಾಕ್ಟರ್.

"ನಿಮ್ಮೆಲ್ಲರಿಗೂ?"

ದಫೇದಾರರು ತಲೆಯಾಡಿಸಿದರು. ಮುದುಕ ಒರಗು ಕುರ್ಚಿಯಲ್ಲಿ ಕುಸಿದು ಕೂತ.

"ಹಾಗಾದ್ರೆ ಯಂತ್ರ ಅಲ್ಲ."

ಆಮೇಲೆ ಡಾಕ್ಟರ್ ಕಿವಿಯಿಂದ ಕೈ ತೆಗೆದು ದಫೇದಾರರ ಮುಂದೆ ಚಾಚಿದರು. ಇನ್ಸ್‌ಪೆಕ್ಟರ್ ಹೂಂ ಎಂದ ಮೇಲೆ ದಫೇದಾರರು ಸ್ಕ್ರೂಡ್ರೈವರ್ ಕೊಟ್ಟರು. ಡಾಕ್ಟರ್ ಸೂಜಿಯನ್ನು ಎತ್ತಿ, ತಿರುಪನ್ನು ಒಂದೊಂದೇ ಗೀಟು ಇಳಿಸಿದರು. ಹತ್ತೊಂಬತ್ತು, ಹದಿನೆಂಟು. ಹಲ್ಲಿನ ತೂತಿಗೆ ಬಗ್ಗುವ ಹಾಗೆ ಬಗ್ಗಿದ್ದರು, ಉಸಿರು ಹಿಡಿದು. ಕೈ ಅಲುಗಲಿಲ್ಲ. ಹನ್ನೆರಡಕ್ಕೆ ನಿಲ್ಲಿಸಿ ಸೂಜಿ ಇಳಿಸಿದರು. ಹಾಡು ಮೆತ್ತಗಾಯಿತು.

"ಈಗ ಹೇಗಿದೆ?"

ಮುದುಕ ತಲೆ ಓರೆ ಮಾಡಿ ತುಂಬ ಹೊತ್ತು ಆಲಿಸಿದ.

"ಸರಿಯಾಗಿರಬೇಕು," ಎಂದ.

11.35ಕ್ಕೆ ದಸ್ತಗಿರಿ. ಪಂಚರ ಎದುರು ಒಂದು ಕೀಲಿ, ಒಂದು ರಸಮಟ್ಟ, ಒಂದು ಸ್ಕ್ರೂಡ್ರೈವರ್ ಜಪ್ತಿಯಾದವು. ಹೊರಡುವ ಮುನ್ನ ಮುದುಕ ಅಪ್ಪಣೆ ಕೇಳಿ ತಟ್ಟೆ ಪೂರ್ತಿ ನಿಲ್ಲುವವರೆಗೆ ಕಾದು ಪಂಪು ಆರಿಸಿದ. ಬಾಟಲಿಯ ನೀರು ಚೆಲ್ಲಿ, ಒರೆಸಿ ಇಟ್ಟ.

ಠಾಣೆಯಲ್ಲಿ ಆತ ಎಲ್ಲವನ್ನೂ ಹೇಳಿದ. ವರ್ಷದಿಂದ ಯಾರ ಮನೆಯ ಯಂತ್ರ ಜೋಡಿಸಿದರೂ ಮಂಕಾಗಿ ಕೇಳಿಸುತ್ತಿತ್ತು. ತಪ್ಪು ಯಂತ್ರಗಳದ್ದೋ ತನ್ನದೋ ತಿಳಿಯಬೇಕಿತ್ತು. ಅನುಮಾನವಿಲ್ಲದೆ ಸರಿಯಾಗಿ ಕೂರಿಸಿದೆನೆಂದು ಅವನು ನಂಬಿದ್ದದ್ದು ಡಾಕ್ಟರ ಮನೆಯದೊಂದನ್ನೇ. ಅಲ್ಲಿಯೂ ಮಂಕಾಗಿಯೇ ಕೇಳಿಸಿದಾಗ ಯಂತ್ರ ಕುಗ್ಗಿದೆ ಎಂದುಕೊಂಡು ಒಂದು ಗೀಟು ಏರಿಸಿದ. ಮುಂದಿನ ಸಲ ಇನ್ನೊಂದು.

"ಡಾಕ್ಟರನ್ನೇ ಕೇಳಬಹುದಿತ್ತಲ್ಲ?" ಇನ್ಸ್‌ಪೆಕ್ಟರ್ ಕೇಳಿದರು.

ಆತ ಕಿವಿಗೆ ಕೈ ಮರೆ ಮಾಡಿದ. "ಆಂ?"

ಇನ್ಸ್‌ಪೆಕ್ಟರ್ ಜೋರಾಗಿ ಕೇಳಿದರು. ಹೊರಗೆ ಬೆಂಚಿನ ಮೇಲೆ ಕೂತಿದ್ದವರು ಕತ್ತು ತಿರುಗಿಸಿದರು.

"ಕೇಳಿದ್ರೆ ಊರಿಗೆಲ್ಲ ಗೊತ್ತಾಗ್ತಿತ್ತು ಸ್ವಾಮಿ," ಮುದುಕ ತಗ್ಗಿದ ದನಿಯಲ್ಲಿ ಹೇಳಿದ. "ಕಿವಿ ಹೋದವನನ್ನ ಈ ಕೆಲಸಕ್ಕೆ ಯಾರು ಕರೀತಾರೆ?"

ಇನ್ಸ್‌ಪೆಕ್ಟರ್ ಎದ್ದು ಬಾಗಿಲು ಮುಂದೆ ಮಾಡಿದರು. ಒಂದು ಬಿಳಿ ಹಾಳೆ ಎಳೆದುಕೊಂಡು, ಮುಂದಿನ ಪ್ರಶ್ನೆಯನ್ನು ದಪ್ಪ ಅಕ್ಷರದಲ್ಲಿ ಬರೆದು, ಅವನ ಮುಂದೆ ಸರಿಸಿದರು.